ಉಸಿರಾಟದ ಕಬ್ಬಿಣ, ಪ್ರೋಟೀನಿನ ಹಿಡಿತ

ದೇವರಾಯಸಮುದ್ರದಿಂದ ಶ್ರೀನಿವಾಸಪುರದವರೆಗೆ ಕಡ್ಡಿ ಕಟ್ಟಿ ಬೆಳೆಸುವ ಟೊಮೆಟೊಗೆ ಅಂಗಮಾರಿ ತಗುಲಿದರೆ ಅದು ಮೊದಲು ಕಾಣುವುದು ಬುಡದ ಎಲೆಗಳಲ್ಲಿ: ಒಂದರೊಳಗೊಂದು ಸುತ್ತುಗಳಿರುವ ಕಂದು ಚುಕ್ಕೆ, ಅದರ ಸುತ್ತ ಹಳದಿ ಅಂಚು. ಆ ರೋಗ ತರುವ ಆಲ್ಟರ್ನೇರಿಯ ಶಿಲೀಂಧ್ರಕ್ಕೆ ಹೊಡೆಯುವ ಔಷಧಿಗಳಲ್ಲಿ ಅಜಾಕ್ಸಿಸ್ಟ್ರೋಬಿನ್ ಒಂದು. ಅದು ಶಿಲೀಂಧ್ರದ ಉಸಿರು ಕಟ್ಟಿಸುತ್ತದೆ ಎಂದರೆ ಅಲಂಕಾರದ ಮಾತಲ್ಲ. ಕೋಶದ ಉಸಿರಾಟ ನಡೆಸುವ ಮೈಟೊಕಾಂಡ್ರಿಯದ ಪ್ರೋಟೀನು ಸಂಕೀರ್ಣಗಳಲ್ಲಿ ಮೂರನೆಯದರಲ್ಲಿ ಕ್ವಿನಾಲ್ ಎಂಬ ಅಣು ತನ್ನ ಎಲೆಕ್ಟ್ರಾನನ್ನು ಎರಡು ಕಬ್ಬಿಣ, ಎರಡು ಗಂಧಕದ ಪರಮಾಣುಗಳ ಗೊಂಚಲಿಗೆ ದಾಟಿಸುವ ಜಾಗವೊಂದಿದೆ. ಔಷಧಿ ಹೋಗಿ ಅಲ್ಲಿ ಕೂತುಬಿಡುತ್ತದೆ. ಇಂಥ ಗೊಂಚಲುಗಳ ಅಧ್ಯಯನಕ್ಕೆ ಅರವತ್ತು ವರ್ಷ ದಾಟಿದೆ. ಲೋಹದ ಗುಣ ಲೋಹದ್ದೇ, ಪ್ರೋಟೀನು ಅದಕ್ಕೊಂದು ಆಸರೆ ಅಷ್ಟೇ ಎಂಬ ಊಹೆ ಈ ಅವಧಿಯಲ್ಲಿ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಗೊಂಚಲು ಯಾವ ಕೆಲಸಕ್ಕೆ ಒದಗುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಪ್ರೋಟೀನು ಅದನ್ನು ಹಿಡಿದಿರುವ ರೀತಿ.

ಮೊದಮೊದಲು ಈ ಗೊಂಚಲುಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1920ರ ದಶಕದಲ್ಲಿ ಒಟ್ಟೊ ವಾರ್ಬರ್ಗ್ ಅವರು ಸೈನೈಡ್ ಉಸಿರಾಟವನ್ನು ತಡೆಯುವುದರ ಜಾಡು ಹಿಡಿದು, ಆಮ್ಲಜನಕದೊಡನೆ ವ್ಯವಹರಿಸುವುದು ಕಬ್ಬಿಣವೇ ಎಂದು ವಾದಿಸಿದರು. 1925ರಲ್ಲಿ ಡೇವಿಡ್ ಕೀಲಿನ್, ಹೀಮ್ ಎಂಬ ಕಬ್ಬಿಣದ ಅಣುವನ್ನು ಹೊತ್ತ ಸೈಟೋಕ್ರೋಮ್ ಪ್ರೋಟೀನುಗಳನ್ನು ಅವುಗಳ ವರ್ಣಪಟಲದ ಪಟ್ಟೆಗಳಿಂದ ಗುರುತಿಸಿದರು. ಅಲ್ಲಿಂದ ಮುಂದೆ ಬಹುಕಾಲ ಉಸಿರಾಟದ ಕಬ್ಬಿಣವೆಂದರೆ ಹೀಮ್‌ನ ಕಬ್ಬಿಣ ಎಂದೇ ಲೆಕ್ಕ. ಗೊಂಚಲುಗಳ ಮಸುಕು ಕಂದು ಹೀಮ್‌ನ ಗಾಢ ಬಣ್ಣದಡಿ ಮುಚ್ಚಿಹೋಗಿತ್ತು. 1960ರ ಹೊತ್ತಿಗೆ ಹೆಲ್ಮುಟ್ ಬೈನರ್ಟ್ ಮತ್ತು ರಿಚರ್ಡ್ ಸ್ಯಾಂಡ್ಸ್ ಮೈಟೊಕಾಂಡ್ರಿಯದ ಮಾದರಿಗಳನ್ನು ಬಹಳ ತಣ್ಣಗಿಟ್ಟು ಕಾಂತಕ್ಷೇತ್ರದಲ್ಲಿ ಪರೀಕ್ಷಿಸಿದಾಗ, 1.94 ಎಂಬ ಜಿ-ಮೌಲ್ಯದ ಬಳಿ ಹೀಮ್‌ಗೆ ಸೇರದ ಸಂಕೇತವೊಂದು ಸಿಕ್ಕಿತು. 1962ರಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯದಿಂದ ಫೆರೆಡಾಕ್ಸಿನ್ ಎಂಬ ಕಬ್ಬಿಣ-ಗಂಧಕದ ಪ್ರೋಟೀನು ಬೇರ್ಪಟ್ಟಿತು. ಇಂಥ ಪ್ರೋಟೀನಿಗೆ ಆಮ್ಲ ಬೆರೆಸಿದರೆ ಕಂದು ಬಣ್ಣ ಹಾರಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ: ಗೊಂಚಲಿನ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಟಿತು ಎಂದರ್ಥ. 1964ರಲ್ಲಿ ಜಾನ್ ರೀಸ್ಕೆ ಮೂರನೆಯ ಸಂಕೀರ್ಣದ ಗೊಂಚಲನ್ನು ಪತ್ತೆಮಾಡಿದರು. ಅದಕ್ಕೆ ಈಗಲೂ ಅವರದೇ ಹೆಸರು.

ಪ್ರೋಟೀನಿನ ಹಿಡಿತವೇ ಮುಖ್ಯ ಎಂಬ ನನ್ನ ವಾದಕ್ಕೆ ಬಲವಾದ ಎದುರುಸಾಕ್ಷ್ಯ ಬಂದದ್ದು 1972ರಲ್ಲಿ. ರಿಚರ್ಡ್ ಹೋಮ್ ಅವರ ತಂಡ ಪ್ರೋಟೀನಿನ ಹಂಗೇ ಇಲ್ಲದೆ, ಕಬ್ಬಿಣದ ಲವಣ, ಸಲ್ಫೈಡ್ ಮತ್ತು ಥಯೋಲ್ ಸೇರಿಸಿ ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಘನಾಕೃತಿಯನ್ನು ತಯಾರಿಸಿತು. ಹಾಗಾದರೆ ಗೊಂಚಲು ತಾನೇ ಕಟ್ಟಿಕೊಳ್ಳುವ ಹರಳು, ಪ್ರೋಟೀನು ಅದನ್ನು ಕೂರಿಸಿದ ಉಂಗುರ, ಅಷ್ಟೇ ತಾನೆ? ಉತ್ತರ ಅದೇ ವರ್ಷಗಳ ಇನ್ನೊಂದು ಒಗಟಿನಲ್ಲಿತ್ತು. ಫೆರೆಡಾಕ್ಸಿನ್‌ನಲ್ಲೂ, ಕೆಲವು ಬ್ಯಾಕ್ಟೀರಿಯಗಳ ಮತ್ತೊಂದು ಕಬ್ಬಿಣದ ಪ್ರೋಟೀನಿನಲ್ಲೂ ಇರುವುದು ಇದೇ ಘನಾಕೃತಿ, ಹಿಡಿದಿರುವುದು ಸಿಸ್ಟೀನ್ ಎಂಬ ಅಮೈನೊ ಆಮ್ಲಗಳು ನಾಲ್ಕೇ. ಆದರೆ ಮೊದಲನೆಯದರ ವಿಭವ ಸುಮಾರು ಮೈನಸ್ 0.4 ವೋಲ್ಟ್, ಎರಡನೆಯದರದು ಸುಮಾರು ಪ್ಲಸ್ 0.35. ಒಂದು ಎಲೆಕ್ಟ್ರಾನನ್ನು ಕೊಡಲು ಕಾತರಿಸಿದರೆ ಇನ್ನೊಂದು ಪಡೆಯಲು ಕಾತರಿಸುತ್ತದೆ. 1973ರಲ್ಲಿ ರಿಚರ್ಡ್ ಕ್ಯಾಮಕ್ ಎರಡನೆಯ ಪ್ರೋಟೀನನ್ನು ಡೈಮಿಥೈಲ್ ಸಲ್ಫಾಕ್ಸೈಡ್‌ನಲ್ಲಿಟ್ಟು ಅದರ ಮಡಿಕೆಗಳನ್ನು ಸಡಿಲಿಸಿದಾಗ, ನೀರಿನಲ್ಲಿ ಒಪ್ಪದಿದ್ದ ಗೊಂಚಲು ಫೆರೆಡಾಕ್ಸಿನ್‌ನ ಗೊಂಚಲಿನ ಸ್ಥಿತಿಗೇ ಇಳಿಯಿತು. ಲೋಹ ಬದಲಾಗಿರಲಿಲ್ಲ, ಗಂಧಕವೂ ಬದಲಾಗಿರಲಿಲ್ಲ. ಸಡಿಲವಾದದ್ದು ಸುತ್ತಲಿನ ಹಿಡಿತ. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಚೊಕ್ಕವಾದ ಪ್ರಯೋಗ ನನಗೆ ಕಾಣುವುದಿಲ್ಲ. ರೀಸ್ಕೆ ಗೊಂಚಲಿನದೂ ಇದೇ ನ್ಯಾಯ. ಒಂದು ಕಬ್ಬಿಣವನ್ನು ಎರಡು ಸಿಸ್ಟೀನ್, ಇನ್ನೊಂದನ್ನು ಎರಡು ಹಿಸ್ಟಿಡಿನ್ ಹಿಡಿದಿರುವುದನ್ನು 1996ರ ಹರಳು ರಚನೆ ತೋರಿಸಿತು. ಎರಡು ಕಬ್ಬಿಣದ ಸಾಧಾರಣ ಫೆರೆಡಾಕ್ಸಿನ್‌ಗಿಂತ ಅದರ ವಿಭವ ಸುಮಾರು 0.7 ವೋಲ್ಟ್ ಮೇಲಿದೆ. ಗಂಧಕಕ್ಕೆ ಹೈಡ್ರೋಜನ್ ಬಂಧ ಕೊಡುವ ಸೆರಿನ್, ಟೈರೊಸಿನ್‌ಗಳನ್ನು ಬದಲಿಸಿದರೆ ವಿಭವವೂ ಇಳಿಯುತ್ತದೆ, ಕಿಣ್ವದ ವೇಗವೂ ಇಳಿಯುತ್ತದೆ.

ಎಲೆಕ್ಟ್ರಾನ್ ಸಾಗಲು ಬೇಕಾದದ್ದು ಹತ್ತಿರದ ದೂರ ಮಾತ್ರ, ಉಳಿದದ್ದೆಲ್ಲ ಗೌಣ ಎಂಬ ಇನ್ನೊಂದು ಆಕ್ಷೇಪವಿದೆ. ಎರಡು ಕೇಂದ್ರಗಳ ನಡುವೆ 1.4 ನ್ಯಾನೊಮೀಟರ್ ಮೀರದಿದ್ದರೆ ದಾಟು ಸಲೀಸು ಎಂದು ಲೆಸ್ಲಿ ಡಟನ್ ಅವರ ತಂಡ 1999ರಲ್ಲಿ ತೋರಿಸಿದ್ದು ನಿಜ. 2006ರಲ್ಲಿ ಸಜಾನೊವ್ ಮತ್ತು ಹಿಂಚ್ಲಿಫ್ ಮೊದಲನೆಯ ಸಂಕೀರ್ಣದ ರಚನೆ ಬಿಡಿಸಿದಾಗ ಕಂಡದ್ದೂ ಅದೇ: ಫ್ಲೇವಿನ್‌ನಿಂದ ಕ್ವಿನೋನ್‌ವರೆಗೆ ಏಳು ಗೊಂಚಲುಗಳ ಸಾಲು, ಒಂದೊಂದೂ ಮುಂದಿನದಕ್ಕೆ ಆ ದೂರದೊಳಗೇ. ಈ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ದೂರವನ್ನು ಅಳೆದಿಟ್ಟದ್ದು ಪ್ರೋಟೀನಿನ ಮಡಿಕೆಯೇ ಅಲ್ಲವೆ? ಮೂರನೆಯ ಸಂಕೀರ್ಣದಲ್ಲಂತೂ ದೂರವೇ ಸ್ಥಿರವಲ್ಲ. ಗೊಂಚಲು ಹೊತ್ತ ರೀಸ್ಕೆ ಪ್ರೋಟೀನಿನ ತಲೆಭಾಗ ಒಮ್ಮೆ ಕ್ವಿನಾಲ್ ಕಡೆಗೆ, ಒಮ್ಮೆ ಸೈಟೋಕ್ರೋಮ್ ಕಡೆಗೆ ತಿರುಗುತ್ತದೆ ಎಂದು 1998ರಲ್ಲಿ ಗೊತ್ತಾಯಿತು.

ಹೊಲದಿಂದಲೂ ಒಂದು ಪುರಾವೆ ಸಿಗುತ್ತದೆ. ಕಡಲೆಕಾಯಿ ಬೀಜೋಪಚಾರಕ್ಕೆ ಬಳಸುವ ಕಾರ್ಬಾಕ್ಸಿನ್, ಅದರ ಹೊಸ ಸಂಬಂಧಿ ಬಾಸ್ಕಾಲಿಡ್ ಎರಡೂ ಎರಡನೆಯ ಸಂಕೀರ್ಣದಲ್ಲಿ ಮೂರು ಕಬ್ಬಿಣದ ಗೊಂಚಲಿನ ಮಗ್ಗುಲಲ್ಲೇ ಕೂರುತ್ತವೆ. ಬಾಸ್ಕಾಲಿಡ್‌ಗೆ ಜಗ್ಗದ ಆಲ್ಟರ್ನೇರಿಯದಲ್ಲಿ, ಆ ಗೊಂಚಲಿನ ನೆರೆಯ ಒಂದು ಹಿಸ್ಟಿಡಿನ್ ಟೈರೊಸಿನ್ ಅಥವಾ ಆರ್ಜಿನಿನ್ ಆಗಿರುವುದು ಹಲವು ಕಡೆ ಕಂಡಿದೆ. ಕಬ್ಬಿಣ ಅಲ್ಲೇ ಇದೆ, ಉಸಿರಾಟವೂ ನಡೆದಿದೆ. ಔಷಧಿಗೆ ಮಾತ್ರ ಜಾಗ ಸಿಗುವುದಿಲ್ಲ. ಇದು ನೇರವಾಗಿ ಔಷಧಿಯ ಹಿಡಿತದ ಸಂಗತಿ, ಲೋಹದ ಹಿಡಿತದ್ದಲ್ಲ. ಆದ್ದರಿಂದ ಇದಕ್ಕೆ ನಾನು ಅರ್ಧ ತೂಕವನ್ನಷ್ಟೇ ಕೊಡುತ್ತೇನೆ.

ಹೋಮ್ ಅವರ ಗಾಜಿನ ಪಾತ್ರೆಗೆ ಪೂರ್ಣ ಉತ್ತರ ಸಿಕ್ಕಿದ್ದು ಜೀವಕೋಶದೊಳಗಿನ ಕಟ್ಟುವ ವ್ಯವಸ್ಥೆಯಲ್ಲಿ. ಬಿಡಿ ಕಬ್ಬಿಣ, ಬಿಡಿ ಸಲ್ಫೈಡ್ ಎರಡೂ ಕೋಶಕ್ಕೆ ವಿಷ. ಅವನ್ನು ಸುಮ್ಮನೆ ತೇಲಬಿಡುವಂತಿಲ್ಲ. ಡೆನಿಸ್ ಡೀನ್ ಅವರು ಬ್ಯಾಕ್ಟೀರಿಯಗಳಲ್ಲಿ, ರೋಲಾಂಡ್ ಲಿಲ್ ಅವರು ಯೀಸ್ಟ್‌ನಲ್ಲಿ 1990ರ ದಶಕದಲ್ಲಿ ಬಿಡಿಸಿದಂತೆ, ಒಂದು ಪ್ರೋಟೀನು ಸಿಸ್ಟೀನ್‌ನಿಂದ ಗಂಧಕ ಕಿತ್ತು ಕೊಡುತ್ತದೆ, ಇನ್ನೊಂದರ ಮೇಲೆ ಗೊಂಚಲು ಕಟ್ಟಿಕೊಳ್ಳುತ್ತದೆ. ಮನುಷ್ಯರಲ್ಲಿ ಈ ಎರಡನೆಯದು ಐಎಸ್‌ಸಿಯು. ಅದರ ದೋಷದಿಂದ ಸ್ನಾಯು ಸೋಲುವ ರೋಗ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಡಿಸಿಲ್ವಾ ಅವರ ತಂಡ 2014ರಲ್ಲಿ, ಈ ಪ್ರೋಟೀನಿನ 50ನೇ ಗ್ಲೈಸಿನ್ ಗ್ಲುಟಾಮೇಟ್ ಆದರೆ ಏನಾಗುತ್ತದೆ ಎಂದು ಪರೀಕ್ಷಿಸಿತು: ಗೊಂಚಲು ಅವಲಂಬಿಸಿದ ಕಿಣ್ವಗಳು ಸೊರಗಿದವು, ಮೈಟೊಕಾಂಡ್ರಿಯದಲ್ಲಿ ಕಬ್ಬಿಣ ತುಂಬಿಕೊಂಡಿತು. ಕಬ್ಬಿಣ ಬೇಕಾದಷ್ಟಿದೆ, ಗೊಂಚಲಿಲ್ಲ. ಕಟ್ಟಿದ ಗೊಂಚಲು ಸರಿಯಾದ ಮನೆಗೆ ಹೋಗುವುದಕ್ಕೂ ಪ್ರೋಟೀನಿನ ಗುರುತೇ ಆಧಾರ. ಎರಡನೆಯ ಸಂಕೀರ್ಣದ ಕಬ್ಬಿಣ-ಗಂಧಕ ಉಪಘಟಕದಲ್ಲಿರುವ ಮೂರು ಅಮೈನೊ ಆಮ್ಲಗಳ ಪುಟ್ಟ ಸರಣಿಯನ್ನು ಗೊಂಚಲು ಸಾಗಿಸುವ ಸಹಾಯಕ ಪ್ರೋಟೀನು ಹುಡುಕಿ ಹಿಡಿಯುತ್ತದೆ ಎಂದು ಟ್ರೇಸಿ ರೂಆಲ್ ಅವರ ತಂಡವೂ 2014ರಲ್ಲೇ ತೋರಿಸಿತು.