ಕಡಲ್ಗಳ್ಳರಿಂದ ಹಡಗುಗಳ ರಕ್ಷಣೆ

ದಟ್ಟ ಸಂಚಾರದ ಜಲಸಂಧಿಗಳಲ್ಲಿ ಸರಕು ಹಡಗುಗಳನ್ನು ಸುಲಿಗೆಯಿಂದ ಕಾಯುವ ವ್ಯವಸ್ಥೆ. ದಡದಿಂದ 12 ನಾಟಿಕಲ್ ಮೈಲಿಯೊಳಗೆ ನಡೆಯುವ ದಾಳಿಯನ್ನು ಕಾನೂನು ಸಶಸ್ತ್ರ ದರೋಡೆ ಎನ್ನುತ್ತದೆ. ಅದನ್ನು ತಡೆಯುವ ಹೊಣೆ ಆಯಾ ದೇಶದ್ದು. ಮುಕ್ತ ಸಮುದ್ರದಲ್ಲಿ ನಡೆದರೆ ಕಡಲ್ಗಳ್ಳತನ; ಅಲ್ಲಿ ಯಾವ ದೇಶದ ನೌಕಾಪಡೆಯಾದರೂ ಕಳ್ಳರನ್ನು ಹಿಡಿಯಬಹುದು.

ಕಳ್ಳರು ಕೊಕ್ಕೆ ಏಣಿ ಎಸೆದು ಹಡಗಿನ ತಗ್ಗಾದ ಬದಿಯಿಂದ ಹತ್ತುತ್ತಾರೆ. ಅದಕ್ಕೇ ಅಂಚಿನುದ್ದಕ್ಕೂ ಮುಳ್ಳುತಂತಿಯ ಸುರುಳಿ, ರಭಸದಿಂದ ನೀರು ಚಿಮ್ಮುವ ಕೊಳವೆ. ಆದರೂ ಹತ್ತಿಬಿಟ್ಟರೆ ಸಿಬ್ಬಂದಿ ಒಳಗಿನಿಂದ ಅಗಳಿ ಹಾಕುವ ಭದ್ರ ಕೋಣೆ ಸೇರುತ್ತಾರೆ. ಒಬ್ಬ ಹೊರಗುಳಿದರೂ ಅವನು ಒತ್ತೆಯಾಳಾಗುತ್ತಾನೆ, ಬಿಡಿಸಲು ಬರುವ ಕಮಾಂಡೋಗಳ ಕೈ ಕಟ್ಟಿದಂತಾಗುತ್ತದೆ.

ಬಾಬ್ ಎಲ್ ಮಂದಬ್ ಜಲಸಂಧಿಗೆ ಹೊಂದಿಕೊಂಡ ಏಡನ್ ಕೊಲ್ಲಿಯಲ್ಲಿ ಭಾರತೀಯ ನೌಕಾಪಡೆ 2008ರ ಅಕ್ಟೋಬರಿನಿಂದ ಗಸ್ತು ತಿರುಗುತ್ತಿದೆ. ಮರುತಿಂಗಳೇ ಐಎನ್ಎಸ್ ತಬರ್ ಹೆಲಿಕಾಪ್ಟರಿನಲ್ಲಿ ಕಮಾಂಡೋಗಳನ್ನು ಕಳಿಸಿ ಜಗ್ ಅರ್ನವ್ ಹಡಗನ್ನು ಉಳಿಸಿತು. 2024ರ ಮಾರ್ಚಿನಲ್ಲಿ ಕಳ್ಳರ ವಶದಲ್ಲಿದ್ದ ರುಯೆನ್ ಹಡಗಿನ 17 ಸಿಬ್ಬಂದಿಯನ್ನು ಬಿಡಿಸಿ 35 ಕಳ್ಳರನ್ನು ಸೆರೆಹಿಡಿದು ಮುಂಬೈಗೆ ತರಲಾಯಿತು. ಇಂಥವರ ವಿಚಾರಣೆಗೆಂದೇ 2022ರ ಕಡಲ್ಗಳ್ಳತನ ತಡೆ ಕಾಯ್ದೆ ಇದೆ.