ನೀರು ನೋಡಿಕೊಂಡು ಹೊರಡಬೇಕಾದ ಊರುಗಳು

ಚುಂಚನಕಟ್ಟೆಗೆ ಯಾವಾಗ ಹೋದರೆ ಚೆನ್ನ ಎಂದು ಕೃಷ್ಣರಾಜನಗರದ ಕಡೆಯವರನ್ನು ಕೇಳಿದರೆ, ತಿಂಗಳ ಹೆಸರು ಹೇಳುವ ಮೊದಲು ಕೊಡಗಿನ ಮಳೆಯ ಸುದ್ದಿ ಎತ್ತುತ್ತಾರೆ. ಭಾಗಮಂಡಲದಲ್ಲಿ ಮಳೆ ಹಿಡಿದರೆ ಇಲ್ಲಿ ಹೊಳೆ ಏರುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಾವೇರಿ ಸುಮಾರು 20 ಮೀಟರ್ ಎತ್ತರದ ಬಂಡೆಗಳಿಂದ ಧುಮುಕುತ್ತಾಳೆ. ಬೇಸಿಗೆಗೆ ಅದೇ ಬಂಡೆಗಳು ಬೋಳಾಗಿ ನಿಲ್ಲುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ಪ್ರವಾಸ ಹೊರಡುವವರು ಪಂಚಾಂಗದ ಜೊತೆಗೆ ನೀರಿನ ಮಟ್ಟವನ್ನೂ ನೋಡಬೇಕು. ಈ ಊರುಗಳು ಎಲ್ಲಿವೆ, ಯಾಕೆ ಅಲ್ಲಿವೆ, ಕೆಲವು ಯಾಕೆ ಇದ್ದ ಜಾಗದಲ್ಲಿ ಇಲ್ಲ ಎಂಬುದನ್ನೆಲ್ಲ ತೀರ್ಮಾನಿಸಿದ್ದೂ ನೀರೇ.

ಚುಂಚನಕಟ್ಟೆಯಿಂದಲೇ ಶುರುಮಾಡುವುದು ಒಳ್ಳೆಯದು. ಮೈಸೂರಿನಿಂದ ಕೆ.ಆರ್. ನಗರಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಗದ್ದೆ ಬಯಲಿನ ನಡುವೆ ಇನ್ನೊಂದು ಹದಿನೈದು. ಚುಂಚ ಮತ್ತು ಚುಂಚಿ ಎಂಬ ಬೇಡ ದಂಪತಿ ಇಲ್ಲಿದ್ದರು, ವನವಾಸದ ರಾಮ ಅವರ ಅತಿಥಿಯಾಗಿದ್ದ ಎಂಬುದು ಸ್ಥಳಪುರಾಣ. ಜಲಪಾತದ ಪಕ್ಕದಲ್ಲೇ ಕೋದಂಡರಾಮನ ಗುಡಿ. ಗರ್ಭಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ಇದು ಅಪರೂಪ. ಹೊರಗೆ ಹೊಳೆ ಎಷ್ಟೇ ಭೋರ್ಗರೆದರೂ ಗರ್ಭಗುಡಿಯೊಳಗೆ ಸದ್ದು ಕೇಳದು ಎಂದು ಭಕ್ತರು ಹೇಳುತ್ತಾರೆ.

ಪ್ರವಾಸಿಗರ ಕಣ್ಣು ಜಲಪಾತದ ಮೇಲೆ ನೆಟ್ಟಿರುತ್ತದೆ. ಊರಿನ ಬದುಕು ನಡೆಯುವುದು ಜಲಪಾತಕ್ಕಿಂತ ಮೇಲಿರುವ ಕಟ್ಟೆಯಿಂದ. ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ನೀರನ್ನು ತಡೆದು ನಿಲ್ಲಿಸದೆ, ಸ್ವಲ್ಪ ಮಟ್ಟ ಏರಿಸಿ ಪಕ್ಕದ ನಾಲೆಗೆ ತಿರುಗಿಸುವುದು ಹಳೇ ಮೈಸೂರಿನ ಜಾಣ್ಮೆ. ಮಿಕ್ಕ ನೀರು ಒಡ್ಡಿನ ಮೇಲೆ ಹರಿದು ಮುಂದೆ ಹೋಗುತ್ತದೆ. ದೊಡ್ಡ ಅಣೆಕಟ್ಟೆಗಳ ಕಾಲಕ್ಕೆ ಬಹಳ ಮೊದಲೇ ಕಾವೇರಿಯ ಮೇಲೆ ಹೀಗೆ ಒಂದರ ಕೆಳಗೆ ಒಂದು ಕಟ್ಟೆಗಳು ಎದ್ದಿದ್ದವು. ರಾಮಸಮುದ್ರ, ಮಿರ್ಲೆ, ಚಾಮರಾಜ ಎಂಬ ನಾಲೆಗಳ ಹೆಸರು ಈ ಸೀಮೆಯ ರೈತರ ಬಾಯಲ್ಲಿ ಇವತ್ತಿಗೂ ದಿನನಿತ್ಯದ ಮಾತು. ಯಾವ ತೂಬು ಎಂದು ತೆಗೆಯಬೇಕು, ಯಾರ ಗದ್ದೆಗೆ ಮೊದಲು ನೀರು ಎಂಬುದನ್ನು ನೋಡಿಕೊಳ್ಳುವ ನೀರಗಂಟಿ ಇಲ್ಲದೆ ಕೆ.ಆರ್. ನಗರಕ್ಕೆ ಭತ್ತದ ಕಣಜ ಎಂಬ ಹೆಸರು ಬರುತ್ತಿರಲಿಲ್ಲ. ಜಲಪಾತದ ದಾರಿಯಲ್ಲಿ ಕಾರಿನ ಕಿಟಕಿಯಿಂದ ಕಾಣುವ ಹಸಿರೆಲ್ಲ ಆ ಕಟ್ಟೆ ಕಟ್ಟಿದ ಒಡ್ಡರ, ನಾಲೆ ತೋಡಿದ ಕೂಲಿಗಳ, ನೀರು ಹಂಚಿದ ನೀರಗಂಟಿಗಳ ದುಡಿಮೆ. ಅವರ ಹೆಸರು ಯಾವ ಶಾಸನದಲ್ಲೂ ಸಿಗದಿದ್ದರೂ ಗದ್ದೆಯ ಬದುಗಳಲ್ಲಿ ಅವರ ಗುರುತು ಇದೆ.

ದೂರದ ಇಟಲಿಯಲ್ಲಿ ಇದಕ್ಕೆ ಹೋಲುವ ಒಂದು ಕಥೆ ಇದೆ. ಲಿಗೂರಿಯ ಪ್ರಾಂತ್ಯದ ಕಡಲಂಚಿನಲ್ಲಿ ಮೊಂತೆರೊಸ್ಸೊ, ವೆರ್ನಾತ್ಸ, ಕೊರ್ನೀಲಿಯ, ಮನರೋಲ, ರಿಯೊಮಜ್ಜೋರೆ ಎಂಬ ಐದು ಊರುಗಳು ಬೆಟ್ಟಕ್ಕೆ ಅಂಟಿಕೊಂಡು ನಿಂತಿವೆ. ಚಿಂಕ್ವೆ ತೆರ್ರೆ ಎಂದೇ ಜಗತ್ತಿಗೆಲ್ಲ ಗೊತ್ತು. ಬಣ್ಣದ ಮನೆಗಳ ಚಿತ್ರ ನೋಡಿ ಅಲ್ಲಿಗೆ ಹೋಗುವವರಿಗೆ ಹಿಂದಿನ ಬೆಟ್ಟದ ಮೆಟ್ಟಿಲು ಗದ್ದೆಗಳ ನೆನಪು ಕಡಿಮೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿ, ತಲೆತಲಾಂತರ ದುಡಿದು, ದ್ರಾಕ್ಷಿ ಬೆಳೆಯಲು ಆ ಜನ ಇಡೀ ಬೆಟ್ಟವನ್ನೇ ತಿದ್ದಿದರು. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಮನುಷ್ಯನೂ ನಿಸರ್ಗವೂ ಕೂಡಿ ಮಾಡಿದ ಆ ನೆಲವನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂತು, ಬೆಟ್ಟದ ಕೃಷಿ ಬಿಟ್ಟು ಜನ ಹೊರಗಿನ ಕೆಲಸಕ್ಕೆ ಹೋದರು; ನೋಡಿಕೊಳ್ಳುವವರಿಲ್ಲದ ಕಲ್ಲುಗೋಡೆಗಳು ಕುಸಿಯತೊಡಗಿದವು. 2011ರ ಅಕ್ಟೋಬರ್ 25ರಂದು ಸುರಿದ ಮಳೆಗೆ ವೆರ್ನಾತ್ಸ, ಮೊಂತೆರೊಸ್ಸೊಗಳ ಬೀದಿಗಳು ಕೆಸರಿನಲ್ಲಿ ಹೂತುಹೋದವು. ನೋಡಲು ಬರುವವರು ಹೆಚ್ಚುತ್ತ, ಆ ನೋಟವನ್ನು ಕಟ್ಟಿ ನಿಲ್ಲಿಸಿದ ಕೈಗಳು ಕಡಿಮೆಯಾಗುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಕಾವೇರಿ ದಂಡೆಯವರೂ ಯೋಚಿಸಬೇಕಾಗಿದೆ.

ಚುಂಚನಕಟ್ಟೆಯ ಸುತ್ತಲಿನ ಊರುಗಳ ಚರಿತ್ರೆ ಜಲಪಾತದಷ್ಟೇ ಆಳ. ಕಾವೇರಿಗೆ ಹತ್ತಿರದ ಚಿಕ್ಕಹನಸೋಗೆ ಈಗ ಸಣ್ಣ ಹಳ್ಳಿ. ಶಾಸನಗಳು ಇದನ್ನು ಪನಸೋಗೆ ಎನ್ನುತ್ತವೆ, ಇಲ್ಲಿ ಅರವತ್ತನಾಲ್ಕು ಬಸದಿಗಳಿದ್ದವು ಎನ್ನುತ್ತವೆ. ಉಳಿದಿರುವ ತ್ರಿಕೂಟ ಬಸದಿ ಒಂದೇ ಸಾಕು ಹಿಂದಿನ ವೈಭವ ಊಹಿಸಲು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಸೈನ್ಯ ಚಂಗಾಳ್ವರನ್ನು ಸೋಲಿಸಿದ್ದು ಈ ಪನಸೋಗೆಯ ಕಾಳಗದಲ್ಲೇ. ಅಲ್ಲಿ ಪರಾಕ್ರಮ ತೋರಿದ ಮನಿಜನೆಂಬ ವೀರನಿಗೆ ರಾಜರಾಜ ಚೋಳ ಬಿರುದು ಕೊಟ್ಟು ನಾಡು ಕೊಟ್ಟ. ಕೊಂಗಾಳ್ವ ಮನೆತನ ಹುಟ್ಟಿದ್ದು ಹಾಗೆ. ಸೋತ ಚಂಗಾಳ್ವರು ಚೋಳರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಉಳಿದರು. ರಾಜೇಂದ್ರಚೋಳ ನನ್ನಿ ಚಂಗಾಳ್ವ ಅದೇ ಶತಮಾನದಲ್ಲಿ ಹನಸೋಗೆಯ ಬಸದಿಯನ್ನು ಮತ್ತೆ ಕಟ್ಟಿಸಿದ. ಯುದ್ಧ ನಡೆದ ಊರಿನಲ್ಲೇ ಸೋತವರ ಮನೆತನ ಮತ್ತೆ ಕಲ್ಲು ಕೂಡಿಸಿದ್ದು ಈ ನೆಲದ ಚರಿತ್ರೆಯ ಒಳ್ಳೆಯ ಪುಟಗಳಲ್ಲಿ ಒಂದು, ಆದರೂ ಜಲಪಾತಕ್ಕೆ ಬರುವ ಬಹುಪಾಲು ವಾಹನಗಳು ಈ ಕಡೆ ತಿರುಗುವುದಿಲ್ಲ. ಇನ್ನೊಂದು ದಿಕ್ಕಿಗೆ ಸಾಲಿಗ್ರಾಮ. ತಮಿಳುನಾಡಿನಿಂದ ಬಂದ ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಅವರ ಶಿಷ್ಯ ವಡುಗ ನಂಬಿಯ ಊರು ಇದು. ಅದೇ ಊರಿನಲ್ಲಿ ಜೈನರ ಬಸದಿಗಳೂ ಇವೆ.

ಹೊಳೆ ಹಿಡಿದು ಕೆಳಗೆ ಬಂದರೆ ಎಡತೊರೆ. ತಾಲ್ಲೂಕಿನ ಹಳೆಯ ಕೇಂದ್ರ ಅದೇ. ಹೊಳೆದಂಡೆಯಲ್ಲಿ ಅರ್ಕೇಶ್ವರನ ಗುಡಿ, ರಥಸಪ್ತಮಿಗೆ ತೇರು. ನೀರು ಕೈಗೆಟುಕುವ ಊರಿಗೆ ನೀರಿನ ಭಯವೂ ಅಷ್ಟೇ ಹತ್ತಿರ. 1924ರಲ್ಲಿ ಕಾವೇರಿ ಕಣಿವೆಯುದ್ದಕ್ಕೂ ಹಿಂದೆಂದೂ ಕಾಣದ ಪ್ರವಾಹ ಬಂತು. ಪ್ರವಾಹಕ್ಕೆ ನಲುಗಿದ ಎಡತೊರೆಯ ಜನರಿಗಾಗಿ 1925ರಿಂದ 1930ರ ನಡುವೆ ಎತ್ತರದ ಜಾಗದಲ್ಲಿ ಹೊಸ ಪಟ್ಟಣ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಕೃಷ್ಣರಾಜನಗರದಲ್ಲಿ ಗರುಡಗಂಬದ ವೃತ್ತದ ಸುತ್ತಲಿನ ಅಗಲ ರಸ್ತೆಗಳನ್ನು ನೋಡಿದರೆ ಯೋಜನೆ ಮಾಡಿ ಕಟ್ಟಿದ ಊರು ಎಂಬುದು ತಿಳಿಯುತ್ತದೆ. ಜನ ಮೇಲೆ ಹೋದರು, ಅರ್ಕೇಶ್ವರ ಹೊಳೆದಂಡೆಯಲ್ಲೇ ಉಳಿದ. ಹೊಸ ಊರಿನವರು ತೇರು ಎಳೆಯಲು ಇಂದಿಗೂ ಹಳೆಯ ಊರಿಗೇ ಇಳಿದು ಬರುತ್ತಾರೆ.

ಅದೇ ಕಾಲದಲ್ಲಿ ಕೆಳಗಡೆ ಕನ್ನಂಬಾಡಿ ಕಟ್ಟೆ ಎದ್ದಿತ್ತು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಹಿನ್ನೀರು ತುಂಬಿದ ವರ್ಷ ಕೆ.ಆರ್. ನಗರ ತಾಲ್ಲೂಕಿನೊಳಕ್ಕೂ ಬರುತ್ತದೆ. ಕೊಡಗಿನ ಇರ್ಪುವಿನಲ್ಲಿ ಹುಟ್ಟಿ, ಹನಗೋಡಿನ ಕಟ್ಟೆಯಲ್ಲಿ ನಾಲೆಗೆ ನೀರು ಕೊಟ್ಟು, ಹುಣಸೂರಿನ ಮಗ್ಗುಲಲ್ಲೇ ಹರಿದು ಬರುವ ಲಕ್ಷ್ಮಣತೀರ್ಥ ಈ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಸಾಗರಕಟ್ಟೆಯ ಹತ್ತಿರ ಮೈಸೂರು–ಹಾಸನದ ರೈಲು ಈ ನೀರನ್ನು ದಾಟುವಾಗ ಪ್ರಯಾಣಿಕರೆಲ್ಲ ಕಿಟಕಿಗೆ ಬರುತ್ತಾರೆ. ಗದ್ದೆ ಕಳೆದುಕೊಂಡವರಿಗೆ ಈ ಹಿನ್ನೀರಿನ ಅರ್ಥ ಬೇರೆ. ಮಂಡ್ಯದ ಬಯಲಿಗೆ ನೀರು ಹೋದದ್ದು ನಿಜ, ಅದರಿಂದ ಲಕ್ಷಾಂತರ ಜನರ ಹೊಟ್ಟೆ ತುಂಬಿದ್ದೂ ನಿಜ. ಮೇಲಿನ ದಂಡೆಯ ಹಳ್ಳಿಗಳು ತೆತ್ತ ಬೆಲೆಯನ್ನು ಆ ಲೆಕ್ಕದ ಪಕ್ಕದಲ್ಲೇ ಬರೆಯಬೇಕು.

ಎಚ್.ಡಿ. ಕೋಟೆಯಲ್ಲಿ ಆ ಬೆಲೆ ಇನ್ನೂ ದೊಡ್ಡದು.

ಕಬಿನಿ ಎಂದೂ ಕರೆಯುವ ಕಪಿಲೆಯ ದಂಡೆಯಲ್ಲಿದ್ದ ಕಿತ್ತೂರು ಒಂದು ಕಾಲಕ್ಕೆ ಕೀರ್ತಿಪುರ, ಪುನ್ನಾಟ ರಾಜ್ಯದ ರಾಜಧಾನಿ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ವೈಡೂರ್ಯ ಸಿಗುವ ಪೌನ್ನಾಟ ಎಂಬ ಜಾಗವನ್ನು ಹೇಳಿದ್ದಾನೆ. ಅದು ಇದೇ ಪುನ್ನಾಟ ಎಂಬುದು ಇತಿಹಾಸಕಾರರಲ್ಲಿ ಬಹುಮಂದಿಯ ಅಭಿಪ್ರಾಯ. ಪುನ್ನಾಟದ ಅರಸ ಸ್ಕಂದವರ್ಮನ ಮಗಳು ಗಂಗರ ಅವಿನೀತನನ್ನು ಮದುವೆಯಾದಳು, ಅವರ ಮಗ ದುರ್ವಿನೀತ ಎರಡೂ ನಾಡುಗಳನ್ನು ಆಳಿದ. ಈ ಸೀಮೆಯ ಹೆಸರು ಹೊತ್ತ ಜೈನ ಮುನಿಗಳ ಸಂಘ ಪಶ್ಚಿಮ ಭಾರತದವರೆಗೆ ಹೋಯಿತು. ಪುನ್ನಾಟ ಸಂಘದ ಜಿನಸೇನ 783ರಲ್ಲಿ ವರ್ಧಮಾನಪುರದಲ್ಲಿ ಕುಳಿತು ಸಂಸ್ಕೃತದ ಹರಿವಂಶಪುರಾಣ ಮುಗಿಸಿದ. ಇಷ್ಟೆಲ್ಲ ಹಿನ್ನೆಲೆಯ ಹಳೆಯ ಕಿತ್ತೂರು ಇಂದು ಕಬಿನಿ ಜಲಾಶಯದ ಪಾಲು. ಬೀಚನಹಳ್ಳಿ–ಬಿದರಹಳ್ಳಿಯ ಬಳಿ 1959ರಲ್ಲಿ ಆರಂಭವಾದ ಕಟ್ಟೆಯ ಕೆಲಸ 1974ಕ್ಕೆ ಮುಗಿಯಿತು. 19.52 ಟಿಎಂಸಿ ನೀರು ಹಿಡಿಯುವ ಜಲಾಶಯ ಊರುಗಳನ್ನೂ ಕಾಡನ್ನೂ ಗದ್ದೆಗಳನ್ನೂ ಒಟ್ಟಿಗೆ ಒಳಗೆ ಹಾಕಿಕೊಂಡಿತು.

ಮುಳುಗಿದ ಆ ಕಾಡಿನಲ್ಲೇ ಕಾಕನಕೋಟೆಯ ಖೆಡ್ಡಾ, ಅಂದರೆ ಕಾಡಾನೆ ಹಿಡಿಯುವ ಕೆಲಸ, ನಡೆಯುತ್ತಿತ್ತು. ಮೈಸೂರಿನಲ್ಲಿ ಖೆಡ್ಡಾ ಶುರುಮಾಡಿದ ಜಿ.ಪಿ. ಸ್ಯಾಂಡರ್ಸನ್ ಮೂಲತಃ ನಾಲೆಗಳ ಇಲಾಖೆಯ ಅಧಿಕಾರಿ. ನಾಲೆ ನೋಡುತ್ತ ಕಾಡು ಸುತ್ತಿದವನಿಗೆ ಆನೆಗಳ ದಾರಿ ತಿಳಿಯಿತು. 1874ರಲ್ಲಿ ಚಾಮರಾಜನಗರದ ಕಡೆ ಮೊದಲ ಹಿಂಡು ಹಿಡಿದ. ಮುಂದೆ ಈ ಕೆಲಸಕ್ಕೆ ಕಾಕನಕೋಟೆಯೇ ಹೆಸರಾಯಿತು. ಜೇನುಕುರುಬರು, ಕಾಡುಕುರುಬರು ತಮಟೆ ಬಡಿದು, ಪಂಜು ಹಿಡಿದು, ಹಿಂಡನ್ನು ಕಪಿಲೆಗೆ ಇಳಿಸಿ ದಾಟಿಸಿ, ಆಚೆ ದಡದ ಮರದ ದಿಮ್ಮಿಗಳ ಕೊಟ್ಟಿಗೆಗೆ ನುಗ್ಗಿಸುತ್ತಿದ್ದರು. ವೈಸರಾಯ್‌ಗಳು, ವಿದೇಶಿ ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ಚೌಕಟ್ಟು ಹಾಕಿದ ಹಳೆಯ ಫೋಟೊಗಳಲ್ಲಿ ಅತಿಥಿಗಳ ಹೆಸರು ಸಿಗುತ್ತದೆ, ತಮಟೆ ಬಡಿದವರದ್ದು ಸಿಗುವುದಿಲ್ಲ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷ ವನ್ಯಜೀವಿ ರಕ್ಷಣಾ ಕಾಯ್ದೆ ಬಂತು.

ಖೆಡ್ಡಾದ ಮಾವುತರ ಲೋಕದಿಂದ ಒಂದು ಹೆಸರು ಮಾತ್ರ ಜಗತ್ತಿಗೆ ಮುಟ್ಟಿತು. ಕಾರಾಪುರದ ಮಾವುತನ ಮಗ ಸಾಬು, 1924ರಲ್ಲಿ ಹುಟ್ಟಿದವನು, ರಾಬರ್ಟ್ ಫ್ಲಾಹರ್ಟಿಯ ಕಣ್ಣಿಗೆ ಬಿದ್ದು 1937ರ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾದ. ‘ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳಲ್ಲಿ ಮಿಂಚಿ, ಅಮೆರಿಕದ ಪ್ರಜೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನದಲ್ಲಿ ಗನ್ನರ್ ಆಗಿ ದುಡಿದು, 1963ರಲ್ಲಿ ತೀರಿಕೊಂಡ. ಅದೇ ಕಾರಾಪುರದಲ್ಲಿ ಇಂದು ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ವಸತಿಗೃಹವಿದೆ. ಹಿನ್ನೀರಿನ ದಡಕ್ಕೆ ಬೇಸಿಗೆಯಲ್ಲಿ ಇಳಿಯುವ ಆನೆಹಿಂಡುಗಳು ಕಬಿನಿಯ ದೊಡ್ಡ ಆಕರ್ಷಣೆ. ನೀರು ಇಳಿದ ಜಾಗದಲ್ಲಿ ಚಿಗುರುವ ಹುಲ್ಲಿಗೆ ಅವು ಬರುತ್ತವೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಆನೆ ನೋಡುವವರು ನಿಂತಿರುವುದು ಒಂದು ಕಾಲದ ಗದ್ದೆಗಳ ಎದುರಿಗೆ. ಸಫಾರಿಯ ಜೀಪಿನಲ್ಲಿ ಪ್ರಾಣಿಗಳ ವಿವರ ಹೇಳುವಂತೆ ಮುಳುಗಿದ ಊರುಗಳ ಹೆಸರನ್ನೂ ಹೇಳುವುದು ಸಾಧ್ಯವಾಗಬೇಕು. ಹಾಡಿಗಳಿಂದ ಎದ್ದು ಬಂದವರ ಕಥೆಯೂ ಇದರೊಂದಿಗೇ ಸೇರುತ್ತದೆ: ನಾಗರಹೊಳೆಯ ಒಳಗಿನಿಂದ ಹೊರಬಂದ ಜೇನುಕುರುಬ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ನೆಲೆಸಿವೆ.

ಪಿರಿಯಾಪಟ್ಟಣದ್ದು ಬೇರೆ ಬಗೆ. ಇಲ್ಲಿ ಕಾವೇರಿ ಕೊಡಗಿನ ಗಡಿಯಾಗಿ ಹರಿಯುತ್ತಾಳೆ. ಚಂಗಾಳ್ವರ ಕೊನೆಯ ಕೋಟೆ ಇದ್ದದ್ದು ಪಿರಿಯಾಪಟ್ಟಣದಲ್ಲಿ; ಹದಿನೇಳನೆಯ ಶತಮಾನದಲ್ಲಿ ಮೈಸೂರಿನವರು ಅದನ್ನು ಗೆದ್ದರು. ಊರು ಕಳೆದುಕೊಂಡವರ ಈ ಸೀಮೆಗೆ 1961ರಲ್ಲಿ ದೇಶವನ್ನೇ ಕಳೆದುಕೊಂಡವರು ಬಂದರು. ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತು. ಆಗ ಅದು ಕಾಡು. ಮುಸುಕಿನ ಜೋಳ ಬೆಳೆಯುತ್ತ, ಆನೆಗಳಿಂದ ಬೆಳೆ ಕಾಯುತ್ತ ಅವರು ನೆಲೆ ನಿಂತರು. 1963ರಲ್ಲಿ ಪೆನೋರ್ ರಿನ್‌ಪೋಚೆ ನಾಮ್‌ಡ್ರೋಲಿಂಗ್ ಮಠ ಸ್ಥಾಪಿಸಿದರು. ಪ್ರವಾಸಿಗರು ಗೋಲ್ಡನ್ ಟೆಂಪಲ್ ಎನ್ನುವ ಮಂದಿರ 1999ರಲ್ಲಿ ತೆರೆಯಿತು.

ಇಷ್ಟನ್ನೂ ಒಂದೇ ಸುತ್ತಿನಲ್ಲಿ ಮುಗಿಸುವ ಆಸೆ ಬೇಡ. ಆಗಸ್ಟ್‌ನಲ್ಲಿ ಹೊರಟವರು ಮೈಸೂರಿನಿಂದ ರೈಲಿನಲ್ಲಿ ಸಾಗರಕಟ್ಟೆಯ ನೀರು ನೋಡುತ್ತ ಕೆ.ಆರ್. ನಗರಕ್ಕೆ ಬಂದು, ಎಡತೊರೆ, ಚುಂಚನಕಟ್ಟೆ, ಹನಸೋಗೆ, ಸಾಲಿಗ್ರಾಮಗಳಿಗೆ ಒಂದು ಇಡೀ ದಿನ ಕೊಡಲಿ. ಹೊಳೆ ತುಂಬಿದಾಗ ಬಂಡೆಗಳ ಮೇಲೆ ಇಳಿಯುವುದು ಅಪಾಯ, ಸ್ಥಳೀಯರು ತಡೆದರೆ ಕೇಳಬೇಕು. ದನಗಳ ಜಾತ್ರೆ ನೋಡಬೇಕೆಂದರೆ ಜನವರಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಗೆ ಮತ್ತೆ ಬರಬೇಕು. ಹಳ್ಳಿಕಾರ್ ಎತ್ತುಗಳ ಜೋಡಿಗೆ ರೈತರು ಚೌಕಾಸಿ ಮಾಡುವುದನ್ನು ಆಗ ಕಾಣಬಹುದು. ಶಿವರಾತ್ರಿ ಕಳೆದ ಮೇಲಾದರೆ ಕಪ್ಪಡಿಗೆ. ಕಾವೇರಿ ದಂಡೆಯಲ್ಲಿ ರಾಚಪ್ಪಾಜಿ, ಚನ್ನಾಜಮ್ಮನವರ ಗದ್ದುಗೆಗಳಿರುವ ಈ ಮಂಟೇಸ್ವಾಮಿ ಪರಂಪರೆಯ ಕ್ಷೇತ್ರದಲ್ಲಿ ಜಾತ್ರೆ ಯುಗಾದಿಯ ಹತ್ತಿರದವರೆಗೂ ನಡೆಯುತ್ತದೆ. ಮಳವಳ್ಳಿ, ಕೊಳ್ಳೇಗಾಲದ ಕಡೆಯಿಂದ ಬಂದ ಒಕ್ಕಲುಗಳು ಬಯಲಿನಲ್ಲಿ ಬಿಡಾರ ಹೂಡಿರುತ್ತವೆ, ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹಾಡುತ್ತಾರೆ. ಉಳಿದುಕೊಳ್ಳಲು ಲಾಡ್ಜು ಬೇಕೆಂದವರು ಕೆ.ಆರ್. ನಗರಕ್ಕೋ ಮೈಸೂರಿಗೋ ಮರಳಬೇಕಾಗುತ್ತದೆ. ಕಥೆ ಕೇಳಬೇಕೆಂದವರು ಒಂದು ಕಂಬಳಿ ತಂದುಕೊಂಡು ಬಯಲಿನಲ್ಲೇ ಕುಳಿತರೆ ಯಾರೂ ಎಬ್ಬಿಸುವುದಿಲ್ಲ.