ಚಟ್‌ಪಟ್ ಸದ್ದಿನ ಚರಿತ್ರೆ: ಅರಗಿನ ತಟ್ಟೆಯಿಂದ ಲ್ಯಾಪ್‌ಟಾಪಿನವರೆಗೆ

ಕನ್ನಡದಲ್ಲಿ ‘ಶಬ್ದ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಿವಿಗೆ ಬೀಳುವ ಸದ್ದೂ ಶಬ್ದವೇ, ಅರ್ಥವುಳ್ಳ ಪದವೂ ಶಬ್ದವೇ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದವು ನಾಭಿಯ ಮೂಲದಿಂದ ಕಹಳೆಯ ರೀತಿಯಲ್ಲಿ ಹೊರಡುವುದನ್ನು ವಿವರಿಸಿ, ಅದರ ಬಣ್ಣ ಬಿಳಿಯೆಂದೂ ಹೇಳಿದ್ದಾನೆ. ಇಂದಿನ ಎಂಜಿನಿಯರುಗಳು ಕೂಡ ಒಂದು ಬಗೆಯ ಸದ್ದಿಗೆ ‘ಬಿಳಿ ಸದ್ದು’ ಎಂದೇ ಹೆಸರಿಟ್ಟಿದ್ದಾರೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ವ್ಯಾಕರಣದ ಪಾಠದಲ್ಲಿ ತೂಕಡಿಸುವ ಹುಡುಗರನ್ನು ಎಬ್ಬಿಸಲು ಒದಗುವ ಸಂಗತಿ.

ಇದನ್ನು ನೆನೆಯಲು ಕಾರಣವುಂಟು. ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹಬ್ಬಕ್ಕೆ ಊರಿಗೆ ಬಂದಾಗ ಅಜ್ಜ ಅಜ್ಜಿಯರ ಮಾತು, ತತ್ತ್ವಪದ, ಬೀಸುವ ಹಾಡುಗಳನ್ನು ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಿಸಿಕೊಂಡು ಹೋಗುತ್ತಾರೆ. ತುಂಬ ಒಳ್ಳೆಯ ಕೆಲಸ. ಆದರೆ ಎಲ್ಲರದೂ ಒಂದೇ ದೂರು: “ಸರ್, ನಡುನಡುವೆ ಚಟ್ ಚಟ್ ಅಂತದ, ಪಟ್ ಅಂತ ಒಡೀತದ.” ಈ ಚಟ್‌ಪಟ್ಟಿಗೂ ಒಂದು ಚರಿತ್ರೆಯಿದೆ. ಅದನ್ನು ತಿಳಿದರೆ ರೋಗವೂ ತಿಳಿಯುತ್ತದೆ, ಮದ್ದೂ ತಿಳಿಯುತ್ತದೆ.

ಎಡಿಸನ್ 1877ರಲ್ಲಿ ತವರದ ಹಾಳೆಯ ಮೇಲೆ ತನ್ನ ಧ್ವನಿಯನ್ನು ಗೀಚಿದ ದಿನದಿಂದಲೂ ಧ್ವನಿಮುದ್ರಣದ ಜೊತೆಗೆ ಸದ್ದು ಅಂಟಿಕೊಂಡೇ ಬಂದಿದೆ. ಆಮೇಲೆ ಬಂದ ಗ್ರಾಮಫೋನಿನ ಪ್ಲೇಟುಗಳಿಗೆ ಬಳಸಿದ ಮುಖ್ಯ ಪದಾರ್ಥ ನಮ್ಮ ದೇಶದ ಅರಗು. ಪಾಂಡವರ ಅರಗಿನ ಮನೆ ಎಂದಾಗ ನೆನಪಿಗೆ ಬರುತ್ತದಲ್ಲ, ಅದೇ ಅರಗು. ಪ್ಲೇಟು ಗಟ್ಟಿಯಾಗಲೆಂದು ಅದಕ್ಕೆ ನುಣ್ಣಗೆ ಪುಡಿಮಾಡಿದ ಕಲ್ಲನ್ನು ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಆ ಗೆರೆಯಲ್ಲಿ ಓಡುವಾಗ ಕಲ್ಲಿನ ಕಣಗಳು ಅದನ್ನು ಸವೆಸಿ ಗೆರೆಯ ಅಳತೆಗೆ ತಂದುಕೊಳ್ಳುತ್ತಿದ್ದವು. ಆ ಉಜ್ಜಾಟವೇ ನಾವು ಕೇಳುತ್ತಿದ್ದ ಸರಸರ. ಮೇಲೆ ಬಿದ್ದ ಗೀರು, ಧೂಳು ಚಟ್‌ಪಟ್ ಆಗುತ್ತಿದ್ದವು. ಕಲ್ಲಿನ ನೆಲ, ಕಲ್ಲಿನ ಗೋಡೆ, ಕಲ್ಲಿನ ಮಾಡುಗಳ ನಡುವೆ ಬೆಳೆದ ಶಹಾಬಾದ್ ಸೀಮೆಯ ನಮಗೆ, ಹಾಡಿನೊಳಗೂ ಕಲ್ಲಿನ ಪುಡಿಯಿತ್ತೆಂದರೆ ಸೋಜಿಗವೆನಿಸಲಾರದು.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಪ್ಲೇಟುಗಳಲ್ಲಿಯೂ ಇದೇ ಸರಸರವಿದೆ. ಭಾರತದಲ್ಲಿ ಮೊದಮೊದಲು ಧ್ವನಿ ಕೊಟ್ಟ ಕಲಾವಿದರಲ್ಲಿ ಆಕೆ ಬಹು ಪ್ರಸಿದ್ಧಳು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಆ ಪ್ಲೇಟುಗಳನ್ನು ಇಂದು ಕೇಳಿದರೆ ಹಾಡಿನ ಮೇಲೆ ಮಳೆ ಸುರಿದಂತೆ ಸದ್ದು ಕೇಳುತ್ತದೆ. ಆದರೆ ಗಮನಿಸಿ, ಹಾಡು ಆ ಮಳೆಯ ಹಿಂದೆ ಪೂರ್ತಿಯಾಗಿ ಇದೆ. ಕಿವಿ ಸ್ವಲ್ಪ ಹೊತ್ತಿನಲ್ಲಿ ಮಳೆಯನ್ನು ಮರೆತು ಹಾಡನ್ನೇ ಹಿಡಿಯುತ್ತದೆ. ರೇಡಿಯೋದ ಕಥೆಯೂ ಹೀಗೆಯೇ. 1966ರಲ್ಲಿ ಗುಲ್ಬರ್ಗಾದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ನಮ್ಮ ಭಾಗದ ಮನೆಗಳಲ್ಲಿ ರೇಡಿಯೋ ಹೆಚ್ಚಿತು. ಎಲ್ಲಿಯೋ ದೂರದಲ್ಲಿ ಮಿಂಚಿದರೂ ಪೆಟ್ಟಿಗೆ ಕರಕರ ಎನ್ನುತ್ತಿತ್ತು. ಅದೂ ಮಾತಿನ ಮೇಲೆ ಬಂದು ಬೀಳುವ ಸದ್ದೇ.

1963ರಲ್ಲಿ ಕ್ಯಾಸೆಟ್ಟು ಬಂದಿತು. ಅದರ ಸದ್ದು ನಯವಾದ ‘ಸ್’ಕಾರ. ಟೇಪಿನ ಮೇಲಿನ ಲೇಪ ಉದುರಿದಲ್ಲಿ ಧ್ವನಿ ಒಂದು ಗಳಿಗೆ ಮಾಸುತ್ತಿತ್ತು. ಬ್ಯಾಟರಿ ಇಳಿದರೆ ಭಾಗವತರು ರಾಕ್ಷಸರಾಗುತ್ತಿದ್ದರು. ಅಷ್ಟು ಸಾಕು, ಕ್ಯಾಸೆಟ್ಟಿನ ಕಾಲವನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಲ್ಯಾಪ್‌ಟಾಪಿನಲ್ಲಿ ಮಾತ್ರ ವಿಷಯ ಬೇರೆ. ಅಲ್ಲಿ ಧ್ವನಿ ಗೆರೆಯಲ್ಲ, ಅಂಕಿ. ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು ಅಷ್ಟೂ ಅಂಕಿಗಳನ್ನು ಬರೆದಿಡಲಾಗುತ್ತದೆ. 1982ರಲ್ಲಿ ಸಿ.ಡಿ. ಬಂದಾಗ ನೆಲೆಗೊಂಡ ಲೆಕ್ಕ ಇದು. 48,000 ಎಂಬ ಇನ್ನೊಂದು ಲೆಕ್ಕವೂ ಬಳಕೆಯಲ್ಲಿದೆ. ಈ ಅಂಕಿಗಳನ್ನು ಯಂತ್ರ ಒಂದೊಂದಾಗಿ ಒಯ್ಯುವುದಿಲ್ಲ. ನಲ್ಲಿಯ ಕೆಳಗೆ ಕೊಡವಿಟ್ಟು, ತುಂಬಿದ ಮೇಲೆ ಎತ್ತಿ ಒಯ್ದು, ಅದರ ಜಾಗದಲ್ಲಿ ಖಾಲಿ ಕೊಡ ಇಡುತ್ತೇವಲ್ಲ, ಹಾಗೆ. ಈ ಕೊಡಕ್ಕೆ ಬಫರ್ ಎನ್ನುತ್ತಾರೆ. 256 ಅಂಕಿ ಹಿಡಿಯುವ ಕೊಡವಾದರೆ ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಸುಮಾರು 5 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. 1024 ಅಂಕಿಯದಾದರೆ ಸುಮಾರು 21 ಮಿಲಿಸೆಕೆಂಡು. ನಲ್ಲಿ ನಿಲ್ಲುವುದಿಲ್ಲ. ಕೊಡ ಒಯ್ಯುವವನು, ಅಂದರೆ ಯಂತ್ರದ ಪ್ರೊಸೆಸರು, ಅದೇ ಹೊತ್ತಿಗೆ ವೈರಸ್ ಹುಡುಕುವ ಕೆಲಸಕ್ಕೋ, ಅಪ್‌ಡೇಟ್ ಇಳಿಸಿಕೊಳ್ಳುವ ಕೆಲಸಕ್ಕೋ ಸಿಕ್ಕಿಹಾಕಿಕೊಂಡರೆ ನೀರು ನೆಲಕ್ಕೆ ಚೆಲ್ಲುತ್ತದೆ. ಚೆಲ್ಲಿದ ನೀರು ಮತ್ತೆ ಸಿಗದು. ಆಚೆಯ ಅಂಕಿಗೂ ಈಚೆಯ ಅಂಕಿಗೂ ನಡುವೆ ಬಿಟ್ಟುಹೋದ ಜಾಗದಲ್ಲಿ ಧ್ವನಿ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತವೇ ‘ಚಟ್’.

ಅಂದರೆ ಪ್ಲೇಟಿನ ಚಟ್ ಎಂಬುದು ಮಾತಿನ ಮೇಲೆ ಬಿದ್ದ ಧೂಳು; ಲ್ಯಾಪ್‌ಟಾಪಿನ ಚಟ್ ಮಾತಿನಲ್ಲಿಯೇ ಬಿದ್ದ ತೂತು.

ಇದು ಸಣ್ಣ ವ್ಯತ್ಯಾಸವಲ್ಲ. ನಮ್ಮ ಸೋದರತ್ತೆಯೊಬ್ಬರು 1948ರಲ್ಲಿ ಹನ್ನೆರಡು ವರ್ಷದ ಹುಡುಗಿ. ರಜಾಕಾರರ ಹಾವಳಿಯ ಆ ದಿನಗಳಲ್ಲಿ ಗಣೇಶ ಚವತಿಯ ದಿನವೇ ಮನೆ ಬಿಟ್ಟು ಸೊಲ್ಲಾಪುರದ ಬಳಗದವರಲ್ಲಿಗೆ ಹೋದದ್ದನ್ನು ಅವರು ತೀರಿಕೊಳ್ಳುವ ಹಿಂದಿನ ವರ್ಷ ಹೇಳಿದ್ದು, ಮನೆಯ ಹುಡುಗನೊಬ್ಬನ ಲ್ಯಾಪ್‌ಟಾಪಿನಲ್ಲಿ ಉಳಿದಿದೆ. ಎಷ್ಟು ದಿನಕ್ಕೆ ತಿರುಗಿ ಬಂದೆವೆಂದು ಅವರು ಹೇಳುವಲ್ಲಿ ಕೇಳಿಸುವುದು ‘ಹದಿ’, ಬಳಿಕ ಒಂದು ಚಟ್, ಬಳಿಕ ‘ರು ದಿನ’. ಹದಿಮೂರೋ ಹದಿನಾರೋ? ಚರಿತ್ರೆಯ ಮಾಸ್ತರನಾದ್ದರಿಂದ ಪಂಚಾಂಗ ಹಿಡಿದು ಕುಳಿತೆ. ಆ ವರ್ಷ ಚವತಿ ಬಿದ್ದದ್ದು ಸೆಪ್ಟೆಂಬರ್ 7ಕ್ಕೆ. ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿದ್ದು 13ಕ್ಕೆ, ನಿಜಾಮರು ಶರಣಾದದ್ದು 17ಕ್ಕೆ. ಹದಿಮೂರಾದರೆ 20, ಹದಿನಾರಾದರೆ 23. ಎರಡೂ ವಿಮೋಚನೆಯ ನಂತರದ ದಿನಗಳೇ, ಎರಡೂ ಸಾಧ್ಯ. ಜೊತೆಗಿದ್ದವರಲ್ಲಿ ಈಗ ಯಾರೂ ಇಲ್ಲ.

ಇಲ್ಲಿ ನನಗೆ ಸನ್ನತಿ ನೆನಪಾಗುತ್ತದೆ. ನಮ್ಮ ಭಂಕೂರಿಗೆ ದೂರವಲ್ಲದ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ಗುಡಿ ಕುಸಿದ ಮೇಲೆ, 1980ರ ದಶಕದ ಕೊನೆಯಲ್ಲಿ ಅಶೋಕನ ಶಾಸನವುಳ್ಳ ಕಲ್ಲು ಬೆಳಕಿಗೆ ಬಂದಿತು. ದೇವಿಯ ಪೀಠಕ್ಕಾಗಿ ಆ ಕಲ್ಲನ್ನು ಬಳಸಿದ್ದರು. ನಡುವೆ ಕುಳಿ ಕಡಿದಿದ್ದರಿಂದ ಅಲ್ಲಿಯ ಅಕ್ಷರಗಳು ಹಾರಿಹೋಗಿದ್ದವು. ಆದರೆ ಅಲ್ಲಿದ್ದ ಶಾಸನಗಳ ಪಾಠ ಒರಿಸ್ಸಾದ ಧೌಲಿ, ಜೌಗಡಗಳಂಥ ಬೇರೆ ಕಡೆಗಳಲ್ಲಿಯೂ ದೊರೆತಿದೆಯಾದ್ದರಿಂದ ಏನು ಹೋಯಿತೆಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಹೇಳಬಲ್ಲರು. ಚಕ್ರವರ್ತಿಯ ಮಾತಿಗೆ ಪ್ರತಿಗಳಿದ್ದವು. ನಮ್ಮ ಅತ್ತೆಯ ಮಾತಿಗೆ ಇದ್ದುದು ಒಂದೇ ಪ್ರತಿ.

ಇನ್ನು ಮದ್ದಿನ ವಿಚಾರ. ಮೊದಲು ಸದ್ದು ಯಾವ ಜಾತಿಯದೆಂದು ಗುರುತಿಸಬೇಕು. 2000ದಲ್ಲಿ ಹೊರಬಂದ, ಕಾಸು ಕೊಡಬೇಕಾಗಿಲ್ಲದ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಧ್ವನಿಯ ಅಲೆಯನ್ನು ಹಿಗ್ಗಿಸಿ ನೋಡಿರಿ. ಅಲೆ ಒಂದೆಡೆ ಕತ್ತರಿಸಿದಂತೆ ನೆಟ್ಟಗೆ ಜಿಗಿದಿದ್ದರೆ ಅಂಕಿ ಚೆಲ್ಲಿದೆ ಎಂದು ಬಲವಾಗಿ ಅನುಮಾನಿಸಬಹುದು. ಅಲೆಯ ತಲೆ ಗರಗಸದಿಂದ ಕೊಯ್ದಂತೆ ಚಪ್ಪಟೆಯಾಗಿದ್ದರೆ ಧ್ವನಿಯ ಮಟ್ಟ ಹೆಚ್ಚಾಗಿದೆ, ಅದನ್ನು ಇಳಿಸಬೇಕು. ದೊಡ್ಡದಾದ, ನಿಧಾನವಾದ ಉಬ್ಬು ಕಂಡರೆ ಅದು ಬಾಯಿಯ ಗಾಳಿ. ಪ, ಫ, ಬ, ಭಗಳನ್ನು ಉಚ್ಚರಿಸುವಾಗ ತುಟಿ ಬಿಚ್ಚಿ ಬರುವ ಗಾಳಿ ಮೈಕಿಗೆ ಗುದ್ದಿ ‘ಪಟ್’ ಎನಿಸುತ್ತದೆ. ನಮ್ಮ ಊರಿನ ಹೆಸರೇ ಭಕಾರದಿಂದ ಆರಂಭವಾಗುವುದರಿಂದ “ನಮ್ದು ಭಂಕೂರ” ಎನ್ನುತ್ತಲೇ ಮೈಕು ಬೆಚ್ಚಿಬೀಳುತ್ತದೆ! ಮೈಕನ್ನು ಬಾಯಿಯ ಎದುರಿಗೆ ಹಿಡಿಯದೆ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಟ್ಟರೆ ಇದು ಬಹುಪಾಲು ತೀರುತ್ತದೆ. ವಯರನ್ನು ಅಲುಗಿಸಿದಾಗ ಮಾತ್ರ ಚಟಚಟ ಬಂದರೆ ವಯರೋ ಅದರ ಪಿನ್ನೋ ಸಡಿಲವಾಗಿದೆ. ಇದಕ್ಕೆ ಕಂಪ್ಯೂಟರನ್ನು ಬೈಯುವುದು ಬೇಡ.

ಚಾರ್ಜರು ಹಾಕಿದಾಗ ‘ಗುಂಯ್’ ಎಂದು, ತೆಗೆದಾಗ ನಿಂತರೆ ಅದು ವಿದ್ಯುತ್ತಿನ ದಾರಿಯಿಂದ ಬಂದ ಸದ್ದು. ನಮ್ಮ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದು ಅಪರೂಪ. ಚಾರ್ಜರನ್ನು ಕಿತ್ತಿಟ್ಟು ಬ್ಯಾಟರಿಯಲ್ಲಿಯೇ ಮುದ್ರಿಸಿರಿ. ಆದರೆ ಇಲ್ಲೊಂದು ತೊಡಕಿದೆ: ಬ್ಯಾಟರಿಯಲ್ಲಿ ನಡೆಯುವಾಗ ಯಂತ್ರ ವಿದ್ಯುತ್ತನ್ನು ಉಳಿಸಲೆಂದು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಬಳಕೆಯಲ್ಲಿಲ್ಲವೆಂದು ತಾನು ಬಗೆದ ಯು.ಎಸ್.ಬಿ. ಕಿಂಡಿಗಳನ್ನು ಮಲಗಿಸುತ್ತದೆ. ಆಗ ಕೊಡ ಒಯ್ಯುವವನೇ ತೂಕಡಿಸಿದಂತೆ. ಆದ್ದರಿಂದ ಪವರ್ ವ್ಯವಸ್ಥೆಯಲ್ಲಿ ಉಳಿತಾಯವನ್ನು ಬಿಟ್ಟು ಪೂರ್ಣ ವೇಗವನ್ನು ಆರಿಸಿಕೊಳ್ಳಬೇಕು.

ಅಂಕಿ ಚೆಲ್ಲುವ ರೋಗಕ್ಕೆ ಮುಖ್ಯ ಮದ್ದು ದೊಡ್ಡ ಕೊಡ. ಬಫರನ್ನು 1024ಕ್ಕೋ ಅದಕ್ಕಿಂತ ಹೆಚ್ಚಿಗೋ ಏರಿಸಿರಿ. ಸಂಗೀತಗಾರರು ತಮ್ಮ ಧ್ವನಿಯನ್ನು ಆಗಿಂದಾಗಲೇ ಕಿವಿಯಲ್ಲಿ ಕೇಳಿಸಿಕೊಂಡು ಹಾಡಬೇಕಾದ್ದರಿಂದ ಸಣ್ಣ ಬಫರನ್ನು ಬಯಸುತ್ತಾರೆ; ಅವರ ಸಲಹೆ ಅಜ್ಜಿಯ ಮಾತಿಗೆ ಅನ್ವಯಿಸದು. ವೈಫೈ, ಬ್ಲೂಟೂತ್‌ಗಳನ್ನು ಆರಿಸಿ, ಉಳಿದ ಕಿಟಕಿಗಳನ್ನೆಲ್ಲ ಮುಚ್ಚಿರಿ. ಪೆನ್‌ಡ್ರೈವಿಗೆ ನೇರವಾಗಿ ಬರೆಯದೆ ಯಂತ್ರದ ಡಿಸ್ಕಿಗೇ ಬರೆಯಿರಿ. ಯು.ಎಸ್.ಬಿ. ಮೈಕಾದರೆ ಹಬ್ಬಿನ ಮೂಲಕ ಬೇಡ, ನೇರ ಯಂತ್ರಕ್ಕೇ ಸಿಕ್ಕಿಸಿರಿ. ತಂತ್ರಾಂಶದಲ್ಲಿ 44,100 ಎಂದಿದ್ದು ಯಂತ್ರದ ಧ್ವನಿ ವ್ಯವಸ್ಥೆಯಲ್ಲಿ 48,000 ಎಂದಿದ್ದರೂ ಕೆಲವೊಮ್ಮೆ ತಂಟೆ ಹುಟ್ಟುತ್ತದೆ. ಎರಡನ್ನೂ ಒಂದೇ ಮಾಡಿರಿ. ಇಷ್ಟಾದ ಮೇಲೆ, ಹಿರಿಯರನ್ನು ಕೂರಿಸುವ ಮೊದಲೇ, ಮೈಕಿನ ಬಳಿ ಟಿಕ್‌ಟಿಕ್ ಎನ್ನುವ ಗಡಿಯಾರವೊಂದನ್ನಿಟ್ಟು ಹತ್ತು ನಿಮಿಷ ಮುದ್ರಿಸಿ ಕೇಳಿರಿ. ಟಿಕ್ಕುಗಳ ಸಾಲಿನಲ್ಲಿ ಎಲ್ಲಿಯಾದರೂ ಲಯ ತಪ್ಪಿದ್ದರೆ ಯಂತ್ರ ಇನ್ನೂ ಸಿದ್ಧವಾಗಿಲ್ಲ.

ಕೋಣೆಯ ವಿಷಯ ಒಂದು ಮಾತು. ಶಹಾಬಾದ್ ಕಲ್ಲಿನ ನೆಲ, ಗೋಡೆಗಳಿರುವ ಕೋಣೆ ಬೇಸಿಗೆಗೆ ತಂಪು, ಧ್ವನಿಗೆ ಮಾತ್ರ ವೈರಿ. ಮಾತು ಕಲ್ಲಿಗೆ ಬಡಿದು ಮರಳುತ್ತದೆ. ಹಗ್ಗ ಕಟ್ಟಿ ಎರಡು ದಪ್ಪ ಕೌದಿಗಳನ್ನು ಇಳಿಬಿಟ್ಟು, ನೆಲಕ್ಕೊಂದು ಜಮಖಾನ ಹಾಸಿದರೆ ಸಾಕು.

ಮುದ್ರಣವಾದ ಮೇಲೆ ಸರಿಪಡಿಸಬಾರದೇ ಎಂದು ಕೇಳುವವರಿದ್ದಾರೆ. ಆಡಾಸಿಟಿಯಲ್ಲಿ ‘ರಿಪೇರ್’ ಎಂಬ ಸಾಧನವುಂಟು. ಅದು ಒಮ್ಮೆಗೆ 128 ಅಂಕಿಗಳವರೆಗೆ, ಅಂದರೆ ಸುಮಾರು 3 ಮಿಲಿಸೆಕೆಂಡಿನಷ್ಟು, ಕೆಟ್ಟ ಭಾಗವನ್ನು ಅಕ್ಕಪಕ್ಕದ ಅಂಕಿಗಳ ಆಧಾರದಿಂದ ಊಹಿಸಿ ತುಂಬುತ್ತದೆ. ಸಣ್ಣ ಚಟ್ಟುಗಳಿಗೆ ಇದು ತಕ್ಕದ್ದು. ಆದರೆ ಅತ್ತೆಯ ಮಾತಿನಲ್ಲಿ ಹೋದದ್ದು ಇಡೀ ಒಂದು ಅಕ್ಷರ. ಅದು ಸೆಕೆಂಡಿನ ಐದನೆಯ ಒಂದು ಪಾಲೆಂದುಕೊಂಡರೂ ಸುಮಾರು ಒಂಬತ್ತು ಸಾವಿರ ಅಂಕಿಗಳಾಗುತ್ತವೆ. ಅಷ್ಟನ್ನು ತುಂಬಿಸುವ ಯಂತ್ರವಿದ್ದರೂ ಅದು ತುಂಬುವುದು ತನ್ನ ಮಾತನ್ನೇ ಹೊರತು ಅವರ ಮಾತನ್ನಲ್ಲ. ಶಾಸನ ಓದುವವರು ತಾವು ಊಹಿಸಿದ ಅಕ್ಷರಗಳನ್ನು ಕಂಸದಲ್ಲಿಡುತ್ತಾರೆ. ನೀವೂ ಹಾಗೆಯೇ, ತಿದ್ದಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟು, ತಿದ್ದದ ಮೂಲವನ್ನು ಮುಟ್ಟದೆ ಬಿಡಿ.

ಮೂಲವನ್ನು ಎಂ.ಪಿ.3ಗೆ ಕುಗ್ಗಿಸದೆ ವೇವ್ ರೂಪದಲ್ಲಿಯೇ ಇಡಿರಿ. ಒಂದೇ ಮೈಕಿನ ಮಾತು ಗಂಟೆಗೆ 300 ಎಂ.ಬಿ.ಗಿಂತ ತುಸು ಹೆಚ್ಚಾಗುತ್ತದೆ. ಈಗಿನ ಡಿಸ್ಕುಗಳಿಗೆ ಅದು ಭಾರವಲ್ಲ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಕೊಡಿರಿ. ಗೌಹರ್ ಜಾನ್ ತನ್ನ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಸಾರುತ್ತಿದ್ದಳು. ಪ್ಲೇಟುಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಬೇಕಿತ್ತು. ನೀವು ಮುದ್ರಣದ ಆರಂಭದಲ್ಲಿಯೇ ತಾರೀಖು, ಊರು, ಹೇಳುವವರ ಹೆಸರು, ವಯಸ್ಸು, ಕೇಳುವವರ ಹೆಸರುಗಳನ್ನು ಬಾಯಿಬಿಟ್ಟು ಹೇಳಿರಿ. ಅವರು ಒಂದು ಸಂಖ್ಯೆಯನ್ನೋ ಊರಿನ ಹೆಸರನ್ನೋ ಹೇಳಿದಾಗ, “ಹದಿಮೂರು ದಿನ ಅಂದ್ರೇನ್ರಿ ಅತ್ತೀ?” ಎಂದು ಅದನ್ನು ನೀವೂ ಒಮ್ಮೆ ಉಚ್ಚರಿಸಿ ಕೇಳಿರಿ. ಒಂದು ಕಡೆ ತೂತು ಬಿದ್ದರೂ ಇನ್ನೊಂದು ಕಡೆ ಅಂಕಿ ಉಳಿದಿರುತ್ತದೆ.